ಭಾಷಣಕ್ಕೆ ಮೂವತ್ತು ಜನ, ಊಟಕ್ಕೆ ತೊಂಬತ್ತು: ಎಂಜಿನಿಯರುಗಳ ಸಂಘದಲ್ಲಿ ಮುಂದಿನ ಐದು ತಿಂಗಳು ಏನು ಮಾಡಬಹುದು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮನೆ ಕಟ್ಟಿಸುವ ಸಿವಿಲ್ ಎಂಜಿನಿಯರ್. ವಯಸ್ಸು 34. ಈ ಸಲ ನಮ್ಮೂರ ಎಂಜಿನಿಯರುಗಳ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ಜುಲೈಯಿಂದ ನವೆಂಬರ್‌ವರೆಗೆ ತಿಂಗಳಿಗೊಂದು ಉಪನ್ಯಾಸ, ನಡುವೆ ಎಂಜಿನಿಯರ್ಸ್ ಡೇ, ಕೊನೆಗೆ ಕುಟುಂಬದವರ ಸ್ನೇಹಕೂಟ ಏರ್ಪಡಿಸಬೇಕು. ಸದಸ್ಯರು 140 ಜನ. ಶನಿವಾರ ಸಂಜೆ ಆರಕ್ಕೆ ಕಾರ್ಯಕ್ರಮ. ಭಾಷಣ ಶುರುವಾಗುವಾಗ ಮೂವತ್ತು ಜನ ಇದ್ದರೆ ಹೆಚ್ಚು. ಎಂಟೂವರೆಗೆ ಊಟಕ್ಕೆ ತೊಂಬತ್ತು ಜನ. ಕಳೆದ ತಿಂಗಳು ಟೈಲ್ಸ್ ಅಂಟಿನ ಕಂಪನಿಯೊಂದು ಊಟದ ಖರ್ಚು ಕೊಟ್ಟು ಮಾತಾಡಿತು. ಅರ್ಧ ಜನ ವರಾಂಡದಲ್ಲೇ ನಿಂತಿದ್ದರು. ಹಿರಿಯರು ‘ಊಟ ನಿಲ್ಲಿಸು’ ಅನ್ನುತ್ತಾರೆ. ಕೆಲವರು ‘ಬೆಂಗಳೂರಿಂದ ದೊಡ್ಡವರನ್ನ ಕರೆಸು’ ಅನ್ನುತ್ತಾರೆ. ಸ್ನೇಹಕೂಟ ದಂಡ, ಆ ದುಡ್ಡಲ್ಲಿ ಇನ್ನೊಂದು ಸೆಮಿನಾರ್ ಮಾಡು ಅನ್ನುವವರೂ ಇದ್ದಾರೆ. 18 ಮಹಿಳಾ ಸದಸ್ಯರಲ್ಲಿ ಬರುವವರು ಇಬ್ಬರೇ. ನಮ್ಮವರಿಗೆ ಕಲಿಯುವ ಆಸಕ್ತಿಯೇ ಹೋಗಿಬಿಟ್ಟಿದೆಯಾ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಉಳಿದ ಲೆಕ್ಕಗಳಿಗಿಂತ ನಿಮ್ಮನ್ನು ಕಾಡುತ್ತಿರುವುದು ಅದೇ ಅನ್ನಿಸಿತು. ಆಸಕ್ತಿ ಹೋಗಿಲ್ಲ. ನಾನು 31 ವರ್ಷದಿಂದ ಸ್ಟ್ರಕ್ಚರಲ್ ಕನ್ಸಲ್ಟೆಂಟ್. ಅದರಲ್ಲಿ ಒಂಬತ್ತು ವರ್ಷ ಜಿಲ್ಲಾ ಮಟ್ಟದ ಸಂಘವೊಂದರಲ್ಲಿ ಇದೇ ಕಾರ್ಯಕ್ರಮಗಳ ಕೆಲಸ ನೋಡಿಕೊಂಡಿದ್ದೇನೆ. ನೀವು ಬರೆದಿರುವ ಮೂವತ್ತು–ತೊಂಬತ್ತರ ಲೆಕ್ಕ ನನಗೂ ಚೆನ್ನಾಗಿ ಗೊತ್ತು.

ಮುಂದಿನ ಸಲ ಒಂದು ಕೆಲಸ ಮಾಡಿ. ಊಟದ ಹೊತ್ತಲ್ಲಿ ತಟ್ಟೆ ಹಿಡಿದು ಸುಮ್ನೆ ಗುಂಪಿಂದ ಗುಂಪಿಗೆ ಓಡಾಡಿ. ಏನು ಮಾತಾಡ್ತಾರೆ ಕೇಳಿಸಿಕೊಳ್ಳಿ. ‘ಆ ಬಡಾವಣೆಲಿ ಪಾಯ ಎಷ್ಟು ಆಳ ತೆಗ್ದೆ?’ ‘ಎಂ-ಸ್ಯಾಂಡ್ ಪ್ಲಾಸ್ಟರ್ ಕೂದಲೆಳೆ ಬಿರುಕು ಬಿಡ್ತಿದೆ ಮಾರಾಯ, ನಿಂದು ಹೆಂಗೆ?’ ‘ಸೆಂಟ್ರಿಂಗ್‌ನವನು ಹದಿನೈದು ದಿನದಿಂದ ಕೈ ಕೊಟ್ಟಿದ್ದಾನೆ, ಯಾರಾದ್ರೂ ಇದ್ದಾರಾ?’ ಇದೆಲ್ಲ ಎಂಜಿನಿಯರಿಂಗ್ ಅಲ್ವಾ? ನಿಮ್ಮ ಸದಸ್ಯರು ಮಾತಾಡೋಕೆ ಬರುತ್ತಿದ್ದಾರೆ. ಭಾಷಣದಲ್ಲಿ ಅವರ ಮಾತಿಗೆ ಜಾಗ ಇಲ್ಲ, ಊಟದಲ್ಲಿ ಇದೆ. ಅದಕ್ಕೇ ಊಟದ ಹೊತ್ತಿಗೆ ಬರುತ್ತಾರೆ. ಊಟ ನಿಲ್ಲಿಸಿದರೆ ನಿಮ್ಮ ಸಂಘದಲ್ಲಿ ಈಗ ನಿಜವಾಗಿ ನಡೆಯುತ್ತಿರುವ ಒಂದೇ ಚರ್ಚೆಯೂ ನಿಂತುಹೋಗುತ್ತದೆ.

ಹಿರಿಯರ ಸಲಹೆಯನ್ನು ಒಮ್ಮೆ ನಾನೂ ಪಾಲಿಸಿದ್ದೆ. ಊಟ ತೆಗೆದು ಕಾಫಿ, ಬಿಸ್ಕತ್ತು ಮಾತ್ರ ಇಟ್ಟೆವು. ಭಾಷಣ ಕೇಳುವವರ ಸಂಖ್ಯೆ ಒಂದೂ ಏರಲಿಲ್ಲ. ಮೂರು ತಿಂಗಳಲ್ಲಿ ಸಂಘವೇ ತಣ್ಣಗಾಯಿತು. ಮತ್ತೆ ಊಟ ಶುರುಮಾಡಿ ಜನರನ್ನು ಕರೆತರಲು ಒಂದು ವರ್ಷ ಹಿಡಿಯಿತು.

ದೊಡ್ಡ ಹೆಸರಿನವರು ಬಂದರೆ ಜನ ಸೇರುತ್ತಾರೆ ಎನ್ನುವುದು ಒಂದು ಸಲದ ಮಟ್ಟಿಗೆ ನಿಜ. ಹಾಲ್ ತುಂಬುತ್ತದೆ, ಫೋಟೋ ಬರುತ್ತದೆ. ಆದರೆ ದೂರದಿಂದ ಬಂದವರು ಮೂವತ್ತು ಮಹಡಿ ಕಟ್ಟಡದ ಬಗ್ಗೆ ಮಾತಾಡುತ್ತಾರೆ. ನಿಮ್ಮ ಸದಸ್ಯರು ಕಟ್ಟುವುದು 30×40 ಅಡಿ ಸೈಟಿನಲ್ಲಿ ಎರಡು ಮಹಡಿ ಮನೆ. ಕೇಳಿ ಖುಷಿಯಾಗುತ್ತದೆ, ಸೋಮವಾರ ಸೈಟಿಗೆ ಹೋದಾಗ ಬಳಸಲು ಏನೂ ಉಳಿದಿರುವುದಿಲ್ಲ. ಮುಂದಿನ ತಿಂಗಳು ಮತ್ತೆ ಮೂವತ್ತು ಜನ. ಅಂಥವರನ್ನು ವರ್ಷಕ್ಕೊಮ್ಮೆ ಕರೆಸಿ. ಹುರುಪು ಬರುತ್ತದೆ, ಕಾಲೇಜು ಹುಡುಗರಿಗೂ ಒಳ್ಳೆಯದು. ಅದರ ಮೇಲೇ ಇಡೀ ವರ್ಷದ ಭಾರ ಹಾಕಬೇಡಿ.

ಇನ್ನೊಂದು ನಂಬಿಕೆ ಇದೆ, ನೀವು ಬರೆದಿಲ್ಲ, ಆದರೆ ನಿಮ್ಮ ಸಂಘದಲ್ಲೂ ಇರುತ್ತದೆ: ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳೋಕಾಗಲ್ಲ ಅಂತ. ಸೈಟಿನಲ್ಲಿ ನಾವು ಬೆಳಿಗ್ಗೆಯಿಂದ ಸಂಜೆವರೆಗೆ ಯಾವ ಭಾಷೆಯಲ್ಲಿ ಮಾತಾಡುತ್ತೇವೆ? ಕಂಬಿ, ಗಾರೆ, ಮಟ್ಟಗೋಲು, ತೂಕದ ಗುಂಡು, ಕವರ್ ಬ್ಲಾಕ್, ಕ್ಯೂರಿಂಗ್. ಅದೇ ಕನ್ನಡದಲ್ಲಿ ಭಾಷಣ ಇರಲಿ. ಇಂಗ್ಲಿಷ್ ಸ್ಲೈಡುಗಳ ಮುಂದೆ ಕೂತ ಡಿಪ್ಲೊಮಾ ಓದಿದ ಸೈಟ್ ಎಂಜಿನಿಯರ್ ಎದ್ದು ಪ್ರಶ್ನೆ ಕೇಳುವುದಿಲ್ಲ. ಅವನ ಪ್ರಶ್ನೆಯೇ ಎಷ್ಟೋ ಸಲ ಆ ಸಂಜೆಯ ಒಳ್ಳೆಯ ಪ್ರಶ್ನೆಯಾಗಿರುತ್ತದೆ.

ಹಾಗಾದರೆ ಜನ ಯಾಕೆ ತಡವಾಗಿ ಬರುತ್ತಾರೆ? ಮೊದಲನೆಯ ಕಾರಣ ನಿಮ್ಮ ಪತ್ರದಲ್ಲೇ ಇದೆ. ಶನಿವಾರ ಸಂಜೆ ಆರು ಗಂಟೆ ಬಟವಾಡೆ ಹೊತ್ತು. ವಾರದ ಕೂಲಿ ಲೆಕ್ಕ ಹಾಕಿ, ಮೇಸ್ತ್ರಿಗೆ ದುಡ್ಡು ಕೊಟ್ಟು, ಅವನ ಜೊತೆ ನಾಲ್ಕು ಮಾತಾಡಿ ಹೊರಡುವಷ್ಟರಲ್ಲಿ ಏಳೂವರೆ. ಆರಕ್ಕೆ ಬರುವ ಮೂವತ್ತು ಜನರನ್ನು ಗಮನಿಸಿ ನೋಡಿ. ಹೆಚ್ಚಿನವರು ನಿವೃತ್ತರು, ಕಾಲೇಜಿನವರು, ಇಲ್ಲವೇ ಸರ್ಕಾರಿ ನೌಕರಿಯವರು ಆಗಿರುತ್ತಾರೆ. ಸೈಟ್ ನಡೆಸುವವರು ಬೇಕಂತ ತಪ್ಪಿಸಿಕೊಳ್ಳುತ್ತಿಲ್ಲ. ಬುಧವಾರ ಅಥವಾ ಗುರುವಾರ ಸಂಜೆ ಆರೂವರೆಗೆ ಇಟ್ಟು ನೋಡಿ. ಒಂದೇ ತಿಂಗಳಲ್ಲಿ ವ್ಯತ್ಯಾಸ ಕಾಣಿಸುತ್ತದೆ.

ವರ್ಷದ ಲೆಕ್ಕವೂ ಹೀಗೇ. ಆಷಾಢದಲ್ಲಿ ಗುದ್ದಲಿ ಪೂಜೆ, ಗೃಹಪ್ರವೇಶ ಯಾರೂ ಇಟ್ಟುಕೊಳ್ಳುವುದಿಲ್ಲ. ಹೊಸ ಕೆಲಸ ಇಲ್ಲ, ಮೇಲೆ ಮಳೆ. ಎಂಜಿನಿಯರುಗಳಿಗೆ ವರ್ಷದಲ್ಲಿ ಸ್ವಲ್ಪ ಬಿಡುವು ಸಿಗುವುದು ಆಗಲೇ. ನೀವು ಜುಲೈಯಲ್ಲಿ ಶುರುಮಾಡುತ್ತಿದ್ದೀರಿ, ಒಳ್ಳೆಯದೇ ಆಯಿತು. ತೂಕದ ವಿಷಯಗಳನ್ನು ಆಷಾಢದಲ್ಲೇ ಮುಗಿಸಿ, ಸಾಧ್ಯವಾದರೆ ಎರಡು ಸಭೆ ಮಾಡಿ. ಶ್ರಾವಣ ಬಂದ ಮೇಲೆ ಎಲ್ಲರೂ ಪಾಯದ ಗುಂಡಿಯಲ್ಲಿರುತ್ತಾರೆ.

ಎರಡನೆಯದು ವೇದಿಕೆ. ಪ್ರಾರ್ಥನೆ, ದೀಪ, ಸ್ವಾಗತ, ಅತಿಥಿಗಳ ಪರಿಚಯ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ನುಡಿ, ಶಾಲು, ಹಾರ, ನೆನಪಿನ ಕಾಣಿಕೆ. ಒಂದು ಸಲ ಗಡಿಯಾರ ಇಟ್ಟು ನೋಡಿದ್ದೆ, 55 ನಿಮಿಷ ಆಯಿತು. ಆಮೇಲೆ ಭಾಷಣಕಾರರಿಗೆ ‘ಸ್ವಲ್ಪ ಬೇಗ ಮುಗಿಸಿ ಸರ್’ ಅಂತ ಚೀಟಿ ಹೋಯಿತು. ಪ್ರಶ್ನೋತ್ತರ ನಡೆಯಲೇ ಇಲ್ಲ. ಹಿರಿಯರಿಗೆ ಬೇಸರವಾಗದಂತೆ ಇದನ್ನು ಕಡಿಮೆ ಮಾಡುವ ದಾರಿ ಇದೆ. ಸನ್ಮಾನಗಳನ್ನೆಲ್ಲ ಎಂಜಿನಿಯರ್ಸ್ ಡೇಗೆ ಇಟ್ಟುಬಿಡಿ. ಅಲ್ಲಿ ಮನಸಾರೆ ಮಾಡಿ. ತಿಂಗಳ ಸಭೆಗಳಲ್ಲಿ ಎರಡು ನಿಮಿಷದ ಸ್ವಾಗತ ಸಾಕು, ಅಧ್ಯಕ್ಷರು ಕೊನೆಯಲ್ಲಿ ಮಾತಾಡಲಿ.

ಮೂರನೆಯದು ವಿಷಯ. ಕಂಪನಿಯವರ ಭಾಷಣವನ್ನು ಜನ ಯಾಕೆ ಕೇಳುವುದಿಲ್ಲ ಅಂದರೆ, ಅಲ್ಲಿ ಯಾವುದೂ ಸೋತಿರುವುದಿಲ್ಲ. ಎಲ್ಲ ಫೋಟೋದಲ್ಲೂ ಟೈಲ್ಸ್ ಅಂಟಿಕೊಂಡೇ ಇರುತ್ತದೆ. ನಮ್ಮ ಬದುಕಿನಲ್ಲಿ ಅದು ಕಿತ್ತು ಬರುತ್ತದೆ, ಮನೆ ಮಾಲೀಕರು ಫೋನ್ ಮಾಡುತ್ತಾರೆ. ಯಾಕೆ ಕಿತ್ತು ಬಂತು ಅಂತ ತಿಳಿಯಬೇಕು ನಮಗೆ.

ಆದ್ದರಿಂದ ನನ್ನ ಮುಖ್ಯ ಸಲಹೆ ಇದು: ನಿಮ್ಮ ಸದಸ್ಯರೇ ತಮ್ಮ ಕೆಲಸದಲ್ಲಿ ತಪ್ಪಿದ್ದನ್ನು ಹೇಳುವ ಸಭೆ ಮಾಡಿ. ಒಬ್ಬರಿಗೆ ಹದಿನೈದು ನಿಮಿಷ, ಒಂದು ಸಂಜೆಗೆ ಇಬ್ಬರು. ಹತ್ತು ಫೋಟೋ ಸಾಕು. ಏನು ಕಟ್ಟಿದೆ, ಏನಾಯಿತು, ಯಾಕಾಯಿತು, ಸರಿಮಾಡಲು ಎಷ್ಟು ಖರ್ಚಾಯಿತು. ಉಳಿದ ಹೊತ್ತೆಲ್ಲ ಪ್ರಶ್ನೆಗಳಿಗೆ ಬಿಡಿ.

ವಿಷಯಗಳಿಗೆ ಬರ ಇಲ್ಲ. ನಿಮ್ಮ ಸುತ್ತಮುತ್ತ ಎರೆ ಮಣ್ಣಿನ ಜಾಗಗಳಿವೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಮೇಲಿನ ಮನೆ ಪ್ರತಿ ವರ್ಷ ಎದ್ದು ಕೂರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಮಾಲೀಕರು ಪುಟ್ಟಿ ಹಾಕಿಸುತ್ತಾರೆ, ಮುಂದಿನ ಏಪ್ರಿಲ್‌ಗೆ ಮತ್ತೆ ಅದೇ ಬಿರುಕು. ಇಂಥ ಮಣ್ಣಿಗೆಂದೇ ಅಂಡರ್-ರೀಮ್ಡ್ ಪೈಲ್ ಇದೆ, ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟು ಕಂಬ. ಕಂಬದ ಬುಡ ಗೆಡ್ಡೆಯ ಹಾಗೆ, ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು ದಪ್ಪ. ಮಣ್ಣು ಉಬ್ಬಿ ಕುಗ್ಗುವ ಪದರ ದಾಟಿ, ಕೆಳಗೆ ತೇವ ಹೆಚ್ಚು ಬದಲಾಗದ ಕಡೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಭಾರತೀಯ ಮಾನಕ ಐಎಸ್ 2911ರಲ್ಲಿ ಇದಕ್ಕೆ ಒಂದು ಭಾಗವೇ ಇದೆ. ಎಲ್ಲರೂ ಕಾಲೇಜಿನಲ್ಲಿ ಓದಿದ್ದೇವೆ. ನಿಮ್ಮೂರಲ್ಲಿ ಎಷ್ಟು ಜನ ಮಾಡಿಸಿದ್ದಾರೆ, ಬೋರ್ ತೆಗೆಯುವವರು ಯಾರು, ಒಂದು ಮನೆಗೆ ಎಷ್ಟು ಖರ್ಚು ಬಂತು? ಇದನ್ನು ಯಾವ ಪ್ರೊಫೆಸರೂ ಹೇಳಲಾರರು. ನಿಮ್ಮಲ್ಲೇ ಒಬ್ಬರು ಹೇಳಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಒಂದು ಸಂಜೆಗೆ ಸಾಕಾಗುವಷ್ಟಿದೆ. ಈಗ ಮನೆ ಕೆಲಸಕ್ಕೆ ಹೆಚ್ಚಾಗಿ ಬರುವುದು ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು. ಕ್ಯೂರಿಂಗ್ ಮಾತ್ರ ಹಳೆಯ ಲೆಕ್ಕದಲ್ಲೇ ಏಳು ದಿನ, ಅದೂ ನೀರು ಹಾಕುವವನ ಮನಸ್ಸಿದ್ದರೆ. ಐಎಸ್ 456:2000 ಪ್ರಕಾರ ಒಪಿಸಿಗೆ (ಹಾಗೆ ಏನೂ ಬೆರೆಸದ ಸಾಮಾನ್ಯ ಸಿಮೆಂಟಿಗೆ) ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14. ಈ ಸಭೆಗೆ ಮೇಸ್ತ್ರಿಗಳನ್ನೂ ಕರೆಯಿರಿ. ಅವರು ಬಂದು ಕುರ್ಚಿಯಲ್ಲಿ ಕೂತು, ‘ಸಾರ್, ಏಳು ದಿನಕ್ಕೆ ಸಂಪಿನ ನೀರು ಖಾಲಿ, ಟ್ಯಾಂಕರ್ ದುಡ್ಡು ಯಾರು ಕೊಡ್ತಾರೆ?’ ಅಂತ ಕೇಳಲಿ. ಆಗ ನಿಜವಾದ ತೊಡಕು ಎಲ್ಲಿದೆ ಅಂತ ಹೊರಗೆ ಬರುತ್ತದೆ.

ಇದರಲ್ಲಿ ಅಪಾಯಗಳೂ ಇವೆ, ಮುಚ್ಚಿಡುವುದಿಲ್ಲ. ಮನೆ ಮಾಲೀಕರ ಹೆಸರು, ಬೀದಿ, ಮನೆಯ ಮುಂಭಾಗದ ಫೋಟೋ ತೋರಿಸಬಾರದು. ಅವರ ಮರ್ಯಾದೆಯ ಪ್ರಶ್ನೆ ಅದು, ಕೆಲವೊಮ್ಮೆ ಕೋರ್ಟಿನ ಪ್ರಶ್ನೆಯೂ ಆಗಬಹುದು. ಇನ್ನೊಬ್ಬ ಎಂಜಿನಿಯರನ ತಪ್ಪು ಹೇಳಬಾರದು, ತನ್ನದೇ ಹೇಳಬೇಕು. ವಿಡಿಯೊ ಬೇಡ. ಆ ಗ್ರಾಹಕರನ್ನು ಮರುದಿನ ಯಾರಾದರೂ ತನ್ನ ಕಡೆ ಎಳೆದುಕೊಳ್ಳಲು ನೋಡಿದರೆ ಅಧ್ಯಕ್ಷರು ಆ ಕ್ಷಣವೇ ತಡೆಯಬೇಕು. ಇದು ಒಮ್ಮೆ ನಡೆದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬರ ಅಳತೆಯನ್ನು ಇನ್ನೊಬ್ಬರು ಹಾಗೇ ನಕಲು ಮಾಡುವ ಅಪಾಯವೂ ಇದೆ. ‘ಅವರು ಹನ್ನೆರಡು ಅಡಿ ಅಂದ್ರು’ ಅಂತ ಮಣ್ಣು ಪರೀಕ್ಷೆ ಮಾಡಿಸದೆ ಪೈಲ್ ಇಳಿಸಿದರೆ ಸಭೆಯಿಂದ ಕೆಡುಕೇ ಆಯಿತು. ಪ್ರತಿ ಸಲ ಇದನ್ನು ಜೋರಾಗಿ ಹೇಳಿ.

ಕಂಪನಿಗಳ ದುಡ್ಡು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಹಾಲಿನ ಬಾಡಿಗೆ, ಊಟ ಎಲ್ಲ ಚಂದಾದಲ್ಲಿ ಆಗುವುದಿಲ್ಲ, ನನಗೆ ಗೊತ್ತು. ನಾವು ಒಂದು ಷರತ್ತು ಹಾಕಿದ್ದೆವು. ಹೊರಗೆ ಮೇಜು ಹಾಕಿಕೊಳ್ಳಿ, ಸಾಮಾನು ತೋರಿಸಿ. ಒಳಗೆ ಕೊನೆಯಲ್ಲಿ ಹತ್ತು ನಿಮಿಷ. ಅದರಲ್ಲಿ ಒಂದಾದರೂ ಕೆಟ್ಟುಹೋದ ಕೆಲಸದ ಉದಾಹರಣೆ ಹೇಳಬೇಕು, ಪರೀಕ್ಷೆಯ ವರದಿ ತರಬೇಕು. ಕೆಲವರು ಹಿಂದೆ ಸರಿದರು. ಒಪ್ಪಿ ಬಂದವರ ಮಾತನ್ನು ಜನ ಕೇಳಿದರು. ಒಂದೇ ಕಂಪನಿ ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ದುಡ್ಡು ಕೊಡದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಸದಸ್ಯರು ಸಂಘದ ಮಾತನ್ನೇ ಜಾಹೀರಾತು ಅಂದುಕೊಳ್ಳುತ್ತಾರೆ.

ಈಗ ಎಂಜಿನಿಯರ್ಸ್ ಡೇ. ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರ ಹುಟ್ಟಿದ ದಿನ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು ಅನ್ನುವಲ್ಲಿಂದ ಶುರುವಾಗುವ ಭಾಷಣವನ್ನು ನಿಮ್ಮ ಸದಸ್ಯರು ಶಾಲೆಯಿಂದ ಕೇಳುತ್ತಿದ್ದಾರೆ. ಅವರ ಮೇಲೆ ನನಗಿರುವ ಗೌರವಕ್ಕೇ ಹೇಳುತ್ತೇನೆ, ಅವರ ಒಂದು ಕೆಲಸವನ್ನು ಎತ್ತಿಕೊಂಡು ಬಿಚ್ಚಿ ನೋಡಿ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಕೆರೆಯಲ್ಲಿ ಅವರ ಸ್ವಯಂಚಾಲಿತ ಗೇಟುಗಳನ್ನು ಹಾಕಿದರು. ನೀರು ಒಂದು ಮಟ್ಟ ದಾಟಿದರೆ ತಾನೇ ತೆರೆಯಬೇಕು, ಇಳಿದರೆ ತಾನೇ ಮುಚ್ಚಬೇಕು. ಕಟ್ಟೆ ಎತ್ತರಿಸದೆ ಹೆಚ್ಚು ನೀರು ಹಿಡಿಯುವ ಉಪಾಯ.

ಅದರ ಪಕ್ಕದಲ್ಲೇ ಇನ್ನೊಂದು ಗೇಟನ್ನು ಇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ 32 ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಆಮೇಲೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎನ್ನುವ ನೀರು ತಡೆಯುವ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಹರಿಹರದಲ್ಲಿ ನಿಮ್ಮ ಕಣ್ಣಮುಂದೆ ಹರಿಯುವುದೂ ಅದೇ ನದಿ. ಚೈನನ್ನು ಹೇಗೆ ಪರೀಕ್ಷಿಸುತ್ತಾರೆ? ನೀರು ಹರಿಯುವಾಗ ಅಷ್ಟು ಭಾರದ ಉಕ್ಕನ್ನು ಕ್ರೇನಿನಲ್ಲಿ ಇಳಿಸಿ ಅದರ ತೋಡಿನಲ್ಲಿ (ಗ್ರೂವ್) ಕೂರಿಸುವುದು ಹೇಗೆ? ಇದನ್ನು ಹೇಳಲು ಬೆಂಗಳೂರಿನವರೇ ಬೇಕಾಗಿಲ್ಲ. ನಿಮ್ಮ ನಾಲೆಗೆ ನೀರು ಬರುವುದು ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ. ಅಂಥ ಕಡೆ ವರ್ಷಗಟ್ಟಲೆ ಗೇಟು ಎತ್ತಿಸಿ ಇಳಿಸಿದ ನಿವೃತ್ತ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಒಬ್ಬರು ನಿಮ್ಮ ಜಿಲ್ಲೆಯಲ್ಲೇ ಸಿಗುತ್ತಾರೆ. ಅವರನ್ನು ಕರೆದು ಶಾಲು ಹೊದಿಸಿ. ಆ ಶಾಲಿಗೆ ಬೆಲೆ ಬರುತ್ತದೆ. ಇಂಥ ಸಂಜೆಗೆ ನಿಮ್ಮೂರ ಎಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿ, ಬಿಐಇಟಿ ವಿದ್ಯಾರ್ಥಿಗಳನ್ನೂ ಕರೆಯಿರಿ. ಹಿಂದಿನ ಸಾಲಿನಲ್ಲಿ ಕೂರಿಸಬೇಡಿ.

ಮಹಿಳಾ ಸದಸ್ಯರ ವಿಷಯ ಬರೆದಿದ್ದೀರಿ, ಸಂತೋಷ. ಎಷ್ಟೋ ಕಾರ್ಯದರ್ಶಿಗಳು ಈ ಲೆಕ್ಕವನ್ನೇ ಹಾಕುವುದಿಲ್ಲ. ಕಾರ್ಯಕ್ರಮ ಹತ್ತು ಗಂಟೆಗೆ ಮುಗಿದರೆ ಅವರು ಬರುವುದು ಕಷ್ಟ. ಎಂಟೂಕಾಲಿಗೆ ಊಟ ಬಡಿಸಿ, ಒಂಬತ್ತಕ್ಕೆ ಎಲ್ಲರೂ ಹೊರಡುವಂತಿರಲಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮ ಸಂಘಗಳಲ್ಲಿ ಅವರಿಗೆ ಪ್ರಾರ್ಥನೆ, ನಿರೂಪಣೆ, ಹೂಗುಚ್ಛ ಕೊಡುವ ಕೆಲಸ ಕೊಡುತ್ತೇವೆ. ಅವರು ಎಸ್ಟಿಮೇಟ್ ಮಾಡುತ್ತಾರೆ, ಡಿಸೈನ್ ಮಾಡುತ್ತಾರೆ, ಸೈಟಿನಲ್ಲಿ ಸ್ಲ್ಯಾಬ್ ಹಾಕಿಸುತ್ತಾರೆ. ಜುಲೈ ಸಭೆಯಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು ಅವರಾಗಿರಲಿ. ಮೊದಲು ಫೋನ್ ಮಾಡಿ ಕೇಳಿ, ‘ನಿಮಗೆ ಯಾವ ಹೊತ್ತು ಆಗುತ್ತೆ ಮೇಡಂ?’ ಅಂತ. ನಾವು ಹೀಗೆ ಕೇಳಿದಾಗ ಬಂದ ಉತ್ತರ ನಮ್ಮ ಊಹೆಗಿಂತ ಬೇರೆಯೇ ಇತ್ತು: ರಾತ್ರಿಗಿಂತ ಭಾನುವಾರ ಬೆಳಿಗ್ಗೆ ಸುಲಭ ಅಂದರು. ಎರಡು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ತಿಂಡಿ ಸಭೆ ಶುರುವಾಗಿದ್ದು ಹಾಗೆ. ನಿಮ್ಮೂರಲ್ಲಿ ಬೆಣ್ಣೆ ದೋಸೆ ಇರುವಾಗ ಜನ ಬರದೆ ಇರುತ್ತಾರಾ?

ಸ್ನೇಹಕೂಟ ದಂಡ ಅನ್ನುವವರಿಗೆ ಸೂಳೆಕೆರೆ ತೋರಿಸಿ. ಚನ್ನಗಿರಿ ತಾಲ್ಲೂಕಿನ ಆ ಕೆರೆಯ ಏರಿ ಎರಡು ಗುಡ್ಡಗಳ ನಡುವಿನ ಕಿರಿದಾದ ಜಾಗದಲ್ಲಿದೆ. ಅಷ್ಟು ದೊಡ್ಡ ನೀರಿಗೆ ಅಷ್ಟೇ ಉದ್ದದ ಏರಿ ಸಾಕಾಗಿದೆ ಅಂದರೆ, ಜಾಗ ಆರಿಸಿದವರ ಕಣ್ಣು ಎಂಥದ್ದಿರಬೇಕು! ಸಿದ್ಧ ನಾಲೆ, ಬಸವ ನಾಲೆ ಅಂತ ಎರಡು ನಾಲೆಗಳು. ಚಿತ್ರದುರ್ಗಕ್ಕೆ ಇವತ್ತಿಗೂ ಕುಡಿಯುವ ನೀರು ಕೊಡುವ ಕೆರೆ. ನವೆಂಬರ್‌ನಲ್ಲಿ, ಮಳೆ ನಿಂತ ಮೇಲೆ, ಕುಟುಂಬಗಳನ್ನು ಕರೆದುಕೊಂಡು ಹೋಗಿ. ಏರಿಯ ಮೇಲೆ ನಿಂತು ನಿಮ್ಮಲ್ಲೊಬ್ಬರು ಇಪ್ಪತ್ತು ನಿಮಿಷ ಹೇಳಲಿ, ತೂಬು ಅಂದರೇನು, ಏರಿಯ ಒಳಮೈಗೆ ಕಲ್ಲು ಹಾಸುವುದು ಯಾಕೆ, ಕೋಡಿ ಬೀಳದಿದ್ದರೆ ಏನಾಗುತ್ತದೆ. ಮಕ್ಕಳಿಗೂ ಅರ್ಥವಾಗುತ್ತದೆ. ಅಪ್ಪ ಅಥವಾ ಅಮ್ಮ ದಿನವಿಡೀ ಧೂಳಿನಲ್ಲಿ ಏನು ಮಾಡುತ್ತಾರೆ ಅಂತ ಆ ಮಕ್ಕಳಿಗೆ ಗೊತ್ತಾಗುವುದು ಇಂಥ ದಿನವೇ. ಇಲಾಖೆಗೆ ಮೊದಲೇ ಪತ್ರ ಕೊಡಿ. ತೂಬಿನ ಹತ್ತಿರ, ಏರಿಯ ಇಳಿಜಾರಿನಲ್ಲಿ ಮಕ್ಕಳು ಇಳಿಯದಂತೆ ನಾಲ್ವರನ್ನು ಅದೇ ಕೆಲಸಕ್ಕೆ ನಿಲ್ಲಿಸಿ. ಬಸ್ ಹತ್ತುವಾಗ, ಹೊರಡುವಾಗ ತಲೆ ಎಣಿಸಿ. ನಡೆಯುತ್ತಿರುವ ಸೈಟಿಗೆ ಹೋಗುವುದಾದರೆ ಕುಟುಂಬ ಬೇಡ. ಹೆಲ್ಮೆಟ್, ಶೂ ಇಲ್ಲದ ಸದಸ್ಯರನ್ನೂ ಒಳಗೆ ಬಿಡಬೇಡಿ, ಅಧ್ಯಕ್ಷರೇ ಆಗಿರಲಿ.

ಆನ್‌ಲೈನ್ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಂಗಳೂರಲ್ಲೋ ಗಲ್ಫ್‌ನಲ್ಲೋ ಇರುವ ನಿಮ್ಮೂರ ಎಂಜಿನಿಯರುಗಳಿಗೆ ವರ್ಷಕ್ಕೆ ಒಂದೆರಡು ಸಭೆ ಹಾಗೆ ಮಾಡಿ. ತಿಂಗಳ ಸಭೆ ಬೇಡ. ತಪ್ಪು ಒಪ್ಪಿಕೊಳ್ಳುವ ಮಾತು ಎದುರಿಗೆ ಕೂತವರ ಮುಖ ನೋಡಿಯೇ ಬರಬೇಕು.

ಮೊದಲ ಸಭೆಗೆ ಯಾರೂ ಒಪ್ಪುವುದಿಲ್ಲ ಅಂತ ಅಂಜುತ್ತಿರಬಹುದು. ನಮ್ಮಲ್ಲೂ ಹಾಗೇ ಆಗಿತ್ತು. ಆಗ 60 ದಾಟಿದ ಒಬ್ಬ ಹಿರಿಯರು ಎದ್ದು, ತಾವು ಮೂವತ್ತು ವರ್ಷದ ಹಿಂದೆ ಕಟ್ಟಿದ ಮನೆಯ ಬಾಲ್ಕನಿ ಬಗ್ಗೆ ಹೇಳಿದರು. ಕಂಬಿಯನ್ನು ಮೇಲೆ ಕಟ್ಟಿಸಬೇಕಿತ್ತು. ಕಾಂಕ್ರೀಟು ಹಾಕುವಾಗ ಕೆಲಸದವರು ಅದರ ಮೇಲೆ ಓಡಾಡಿ ಕೆಳಗೆ ಕೂತುಬಿಟ್ಟಿತ್ತು. ಸೆಂಟ್ರಿಂಗ್ ಬಿಚ್ಚಿದ ದಿನ ಬಾಲ್ಕನಿ ಬಾಗಿತು. ಯಾರಿಗೂ ಏಟಾಗಲಿಲ್ಲ. ಆ ದಿನದಿಂದ ಕಾಂಕ್ರೀಟು ಹಾಕುವಾಗ ತಾವೇ ಬಾಲ್ಕನಿ ಪಕ್ಕ ನಿಲ್ಲುವುದಾಗಿ ಹೇಳಿದರು. ಹಾಲ್ ನಿಶ್ಶಬ್ದವಾಗಿತ್ತು. ಆಮೇಲೆ ಒಬ್ಬರಾದ ಮೇಲೊಬ್ಬರು ಕೈ ಎತ್ತಿದರು. ಊಟ ತಣ್ಣಗಾಯಿತು, ಅಡುಗೆಯವರು ಎರಡು ಸಲ ಬಂದು ಕರೆದರು.

ನಿಮ್ಮಲ್ಲೂ ಒಬ್ಬ ಹಿರಿಯರು ಸಿಗುತ್ತಾರೆ, ಹೋಗಿ ಕೇಳಿ. ಜುಲೈಗೆ ಯಾರೂ ಸಿಗಲಿಲ್ಲವೆಂದರೆ ನನಗೆ ತಿಳಿಸಿ. ಎರೆ ಮಣ್ಣಿನಲ್ಲಿ ನಾನೇ ಡಿಸೈನ್ ಮಾಡಿದ ಒಂದು ಮನೆಯ ಗೋಡೆ ಬಿರುಕಿನ ಆರು ವರ್ಷದ ಫೋಟೋಗಳು ನನ್ನ ಹತ್ತಿರ ಇವೆ. ಖರ್ಚು ಉಳಿಸಲು ಮಾಲೀಕರು ಹೇಳಿದ್ದಕ್ಕೆ ತಲೆಯಾಡಿಸಿ ಮಣ್ಣು ಪರೀಕ್ಷೆ ಬಿಟ್ಟಿದ್ದೆ. ಬಸ್ ಹತ್ತಿ ಬಂದು ಮೊದಲು ನಾನೇ ಹೇಳುತ್ತೇನೆ. ಬುಧವಾರ ಇಟ್ಟುಕೊಳ್ಳಿ.